ಗ್ರಾಮದೇವತೆಗಳನ್ನು ಬರೆದಿಟ್ಟ ಬಿಷಪ್

ಕ್ರೈಸ್ತಮತ ಬರುವುದಕ್ಕೆ ಮುಂಚೆ ಯೂರೋಪಿನ ಜನ ನಡೆಸುತ್ತಿದ್ದ ಭೂಮಿ, ಚಂದ್ರ, ಋತುಗಳ ಆರಾಧನೆಯನ್ನು ಮರಳಿ ತರುತ್ತೇವೆಂದು ಹೊರಟ ಪಂಗಡಗಳು ಇಂದು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇವೆ. ಅವರು ತಮ್ಮನ್ನು ಪೇಗನ್ನರೆಂದು ಕರೆದುಕೊಳ್ಳುತ್ತಾರೆ. ಅವರಲ್ಲಿ ಹೆಚ್ಚು ಹೆಸರಾದ ಶಾಖೆ ವಿಕ್ಕ. ಬೆಂಗಳೂರು ದಂಡಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನ್ನನ್ನು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು, ಈ ಹೊಸ ಮತವನ್ನು ತಿಳಿಯಲು ಯಾವ ಪುಸ್ತಕ ಓದಬೇಕೆಂದು. ನಾನು ಮೊದಲು ಹೇಳುವ ಪುಸ್ತಕದಲ್ಲಿ ವಿಕ್ಕದ ಹೆಸರೇ ಇಲ್ಲ. ಅದು ಮದರಾಸಿನ ಆಂಗ್ಲಿಕನ್ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ಬರೆದ ‘ದಿ ವಿಲೇಜ್ ಗಾಡ್ಸ್ ಆಫ್ ಸೌತ್ ಇಂಡಿಯ’. ಹಳೆಯ ಆರಾಧನೆಯೊಂದನ್ನು ಪುಸ್ತಕದಿಂದ ಕಟ್ಟಿಕೊಳ್ಳುವವರನ್ನು ಅರಿಯುವ ಮುನ್ನ, ಅಂಥ ಆರಾಧನೆ ಪುಸ್ತಕದ ಹಂಗಿಲ್ಲದೆ ನಡೆಯುತ್ತಿದ್ದಾಗ ಹೇಗಿತ್ತೆಂಬುದನ್ನು ಕಂಡು ಬರೆದವನನ್ನು ಅರಿಯುವುದು ಮೇಲಲ್ಲವೆ?

ವೈಟ್‌ಹೆಡ್ ಹುಟ್ಟಿದ್ದು 1853ರಲ್ಲಿ. ತಂದೆ ಪಾದ್ರಿ, ಜೊತೆಗೆ ಶಾಲೆ ನಡೆಸುತ್ತಿದ್ದವರು. ಏಳು ವರ್ಷ ಕಿರಿಯನಾದ ತಮ್ಮ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ ಗಣಿತಜ್ಞನಾಗಿ, ತತ್ತ್ವಜ್ಞಾನಿಯಾಗಿ ಲೋಕವಿಖ್ಯಾತನಾದ. ಅಣ್ಣ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಫೆಲೋ ಆಗಿ, ಗುರುದೀಕ್ಷೆ ಪಡೆದು, 1883ರಲ್ಲಿ ಕಲ್ಕತ್ತೆಯ ಬಿಷಪ್ಸ್ ಕಾಲೇಜಿಗೆ ಪ್ರಿನ್ಸಿಪಾಲನಾಗಿ ಬಂದ. ಹದಿನಾರು ವರ್ಷ ಅಲ್ಲಿ ಕಳೆದು 1899ರಲ್ಲಿ ಮದರಾಸಿನ ಬಿಷಪ್ ಪದವಿಗೆ ಏರಿದ. ಆ ಕಾಲಕ್ಕೆ ನಮ್ಮ ದಂಡುಪ್ರದೇಶ ಮೈಸೂರು ಅರಸರ ಕೈಯಲ್ಲಿರಲಿಲ್ಲ. 1881ರಿಂದ ಅದು ಬ್ರಿಟಿಷ್ ರೆಸಿಡೆಂಟನ ಆಡಳಿತದಲ್ಲಿತ್ತು. ಅಲ್ಲಿನ ಆಂಗ್ಲಿಕನ್ ದೇವಾಲಯಗಳ ಮೇಲಿನ ಅಧಿಕಾರ ಮದರಾಸಿನ ಬಿಷಪ್ಪನದು. ಟ್ರಿನಿಟಿ ಚರ್ಚಿನ ಗೋಪುರವನ್ನು ನೋಡಿದಾಗಲೆಲ್ಲ ನನಗೆ ಈ ಮನುಷ್ಯನ ನೆನಪಾಗುವುದು ಅದರಿಂದಲೇ.

ಅವನು ಬಂದ ಹೊತ್ತೂ ವಿಚಾರಮಾಡತಕ್ಕದ್ದು. ಹಿಂದಿನ ವರ್ಷವಷ್ಟೇ, 1898ರಲ್ಲಿ, ಬೆಂಗಳೂರನ್ನು ಪ್ಲೇಗು ನುಂಗಿ ಉಗುಳಿತ್ತು. ಪೇಟೆಯ ಜನವೂ ದಂಡಿನ ಜನವೂ ಮನೆಗಳನ್ನು ತೊರೆದು ಬಯಲಿನ ಗುಡಿಸಲು ಸೇರಿದ್ದರು. ಪ್ಲೇಗಮ್ಮನೆಂಬ ಹೊಸ ದೇವತೆ ಹುಟ್ಟಿ ಗುಡಿ ಕಟ್ಟಿಸಿಕೊಂಡದ್ದು ಈ ಮಾರಿಯ ಕಾಲದಲ್ಲಿಯೇ. ದೇವತೆಗಳು ಪುರಾಣದಲ್ಲಿ ಹುಟ್ಟುವುದಷ್ಟೇ ಅಲ್ಲ, ಬೀದಿಯಲ್ಲಿಯೂ ಹುಟ್ಟುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವೈಟ್‌ಹೆಡ್ ತನ್ನ ವಿಶಾಲವಾದ ಅಧಿಕಾರ ಪ್ರದೇಶದಲ್ಲಿ ಹಳ್ಳಿಹಳ್ಳಿ ತಿರುಗಿದ. ತೆಲುಗು ಸೀಮೆಯ ಮಾಲ ಮಾದಿಗರು, ತಮಿಳು ಸೀಮೆಯ ಪರೆಯರು ಗುಂಪುಗುಂಪಾಗಿ ಕ್ರೈಸ್ತರಾಗುತ್ತಿದ್ದ ಕಾಲ ಅದು. ಅವರು ಬಿಟ್ಟುಬರುತ್ತಿದ್ದುದು ಏನನ್ನು ಎಂಬ ಪ್ರಶ್ನೆ ಅವನಿಗೆ ಎದುರಾಯಿತು. ವೇದಾಂತವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳು ಬೇಕಾದಷ್ಟಿದ್ದವು. ಆದರೆ ಹಳ್ಳಿಯ ಬಹುಪಾಲು ಜನ ನಿತ್ಯವೂ ಕೈಮುಗಿಯುತ್ತಿದ್ದ ಅಮ್ಮನವರ ವಿಷಯದಲ್ಲಿ ಇದ್ದದ್ದು ಅತ್ಯಲ್ಪ. ಬಿಷಪ್ ಪೂಜಾರಿಗಳನ್ನು ಕೇಳಿದ, ಹೊಸದಾಗಿ ಕ್ರೈಸ್ತರಾದವರನ್ನು ಕೇಳಿದ, ಗುಡಿಗಳ ಮುಂದೆ ನಿಂತು ನೋಡಿದ, ಬರೆದುಕೊಂಡ. 1907ರಲ್ಲಿ ಈ ಟಿಪ್ಪಣಿಗಳು ಮದರಾಸು ಸರ್ಕಾರದ ವಸ್ತುಸಂಗ್ರಹಾಲಯದ ಪತ್ರಿಕೆಯಲ್ಲಿ ಬಂದವು. 1916ರಲ್ಲಿ ಅವು ಬೆಳೆದು ಪುಸ್ತಕವಾದವು. 1921ರಲ್ಲಿ ಎರಡನೆಯ ಮುದ್ರಣ ಹೊರಬಂದಿತು.

ಬೆಂಗಳೂರಿನವರು ಈ ಪುಸ್ತಕದಲ್ಲಿ ಮೊದಲು ಹುಡುಕಬೇಕಾದದ್ದು ಅಣ್ಣಮ್ಮನ ಗುಡಿಯನ್ನು. ಅಲ್ಲಿ ಪೂಜೆಗೊಳ್ಳುತ್ತಿದ್ದ ಏಳು ಮಂದಿ ಅಕ್ಕತಂಗಿಯರ ಹೆಸರುಗಳನ್ನು ಅವನು ಬರೆದಿಟ್ಟಿದ್ದಾನೆ: ಅಣ್ಣಮ್ಮ, ಚಂಡೇಶ್ವರಮ್ಮ, ಮಾಯೇಶ್ವರಮ್ಮ, ಮಾರಮ್ಮ, ಉಡಲಮ್ಮ, ಕೊಕ್ಕಲಮ್ಮ, ಸುಖಜಮ್ಮ. ನಾನು ಇವನ್ನು ಇಂಗ್ಲಿಷ್ ಅಕ್ಷರಗಳಿಂದ ಕನ್ನಡಕ್ಕೆ ತಂದಿದ್ದೇನೆ. ಆ ಲಿಪಿಯಲ್ಲಿ ಡಕಾರ ದಕಾರಗಳ ಭೇದವಿಲ್ಲ, ಹ್ರಸ್ವ ದೀರ್ಘಗಳ ಗೊಡವೆಯಿಲ್ಲ. ಜನ ಕೂಗುತ್ತಿದ್ದ ಹೆಸರು ಉಡಲಮ್ಮನೋ ಉದಲಮ್ಮನೋ ಊಡಲಮ್ಮನೋ ಎಂದು ಪುಸ್ತಕವೊಂದನ್ನೇ ನಂಬಿ ತೀರ್ಮಾನಿಸಲಾಗದು. ನಮ್ಮ ದೇವತೆಗಳ ಹೆಸರನ್ನು ನಾವೇ ಊಹಿಸಬೇಕಾಗಿ ಬಂದದ್ದು ಬಿಷಪ್ಪನ ತಪ್ಪಲ್ಲ. ಆ ಕಾಲದ ನಮ್ಮ ಪಂಡಿತರು ಆ ಗುಡಿಯ ಮುಂದೆ ಲೇಖನಿ ಹಿಡಿದು ನಿಲ್ಲಲಿಲ್ಲ.

ಮೈಸೂರು ನಗರದ ಮಾರಿಯರನ್ನೂ ಅವನು ಹೆಸರಿಸುತ್ತಾನೆ. ಅವರಲ್ಲಿ ಬಿಸಿಲುಮಾರಿಯ ವರ್ಣನೆ ನನಗೆ ತುಂಬ ಮೆಚ್ಚಿಕೆಯಾದದ್ದು. ಅವಳಿಗೆ ವಿಗ್ರಹವಿಲ್ಲ. ಮೇಲೆ ಚಾವಣಿಯಿಲ್ಲದ ತಾಣದಲ್ಲಿ ನೀರು ತುಂಬಿದ ಹಿತ್ತಾಳೆಯ ಪಾತ್ರೆ, ಅದಕ್ಕೆ ಒರಗಿಸಿದ ಸಣ್ಣ ಕನ್ನಡಿ, ಅಷ್ಟೆ. ಸೂರ್ಯನ ಆರಾಧನೆಯೊಂದು ಇಲ್ಲಿ ಮಾರಿಯ ಹೆಸರಿನಲ್ಲಿ ಉಳಿದಿದೆಯೆಂದು ಅವನು ಊಹಿಸಿದ. ಮಾರಿಹಬ್ಬದ ಕೋಣನ ಬಲಿಯನ್ನಂತೂ, ಕಡಿದ ಮುಂಗಾಲನ್ನು ಬಾಯಿಗೆ ಸಿಕ್ಕಿಸುವುದು, ಕಣ್ಣಿಗೆ ಕೊಬ್ಬು ಬಳಿಯುವುದು, ತಲೆಯ ಮೇಲೆ ದೀಪ ಹಚ್ಚುವುದು ಇವುಗಳಲ್ಲಿ ಒಂದನ್ನೂ ಬಿಡದೆ ಬರೆದಿದ್ದಾನೆ. ಈ ಆಚಾರಕ್ಕೆ ಜನ ಹೇಳುತ್ತಿದ್ದ ಕತೆಯೂ ಅಲ್ಲಿದೆ: ಕುಲ ಮರೆಸಿದ ಹೊಲೆಯನೊಬ್ಬನನ್ನು ತಿಳಿಯದೆ ಮದುವೆಯಾದ ಬ್ರಾಹ್ಮಣ ಹುಡುಗಿ ನಿಜ ತಿಳಿದು ಮಾರಿಯಾದಳು, ಗಂಡ ಕೋಣನಾದ, ಅವನನ್ನು ವರ್ಷವರ್ಷವೂ ಕಡಿಯಬೇಕು. ಒಂದು ಸಮಾಜದ ಕ್ರೌರ್ಯವೆಲ್ಲ ಅಡಗಿರುವ ಈ ಕತೆಯನ್ನು ಓದಿ ವಿದ್ಯಾರ್ಥಿಗಳು ಮೌನವಾಗುವುದನ್ನು ನಾನು ಕಂಡಿದ್ದೇನೆ. ಮೇಲುಜಾತಿಯವರು ಈ ಪೂಜೆಯನ್ನು ಹೀಗಳೆಯುತ್ತಿದ್ದರೂ ಕಾಲರಾ ಬಂದಾಗ ಬೇರೆಯವರ ಕೈಯಲ್ಲಿ ಹರಕೆ ಕಳುಹಿಸುತ್ತಿದ್ದರೆಂಬುದನ್ನೂ ಅವನ ಕಣ್ಣು ತಪ್ಪಿಸಲಿಲ್ಲ.

ಇಷ್ಟು ಕಂಡವನ ತೀರ್ಪು ಏನು? ಇದು ಭಯದ ಮತ, ಅಮ್ಮನನ್ನು ಸಮಾಧಾನಪಡಿಸುವುದಲ್ಲದೆ ನಡತೆಯನ್ನು ತಿದ್ದುವ ಶಕ್ತಿ ಇದಕ್ಕಿಲ್ಲ, ಕ್ರೈಸ್ತಮತದ ಬೆಳಕಿನಲ್ಲಿ ಇದು ಅಳಿಯಬೇಕು ಎಂದೇ ಅವನ ಮತ. ಬಲಿಯ ಭಾವನೆಯಲ್ಲಿ ಮಾತ್ರ ಏನೋ ಒಂದು ಆಳವಾದ ಸತ್ಯದ ನೆರಳಿದೆಯೆಂದು ಒಪ್ಪಿದ. ಈ ತೀರ್ಪನ್ನು ನಾನು ಒಪ್ಪಲಾರೆ. ಮಗುವಿಗೆ ಸಿಡುಬೆದ್ದಾಗ ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಹಾಸಿ, ಮನೆಯಲ್ಲಿ ದನಿಯೆತ್ತದೆ ನಡೆಯುತ್ತಿದ್ದ ತಾಯಂದಿರ ಮನಸ್ಸಿನಲ್ಲಿ ಭಯವೊಂದೇ ಇತ್ತೆ? ಆದರೆ ಅವನ ತೀರ್ಪು ಬೇರೆ, ಅವನ ನೋಟ ಬೇರೆ. ತಾನು ಅಳಿಯಲೆಂದು ಬಯಸಿದ್ದನ್ನು ಅವನು ವಕ್ರಗೊಳಿಸಲಿಲ್ಲ, ಸಿಂಗರಿಸಲೂ ಇಲ್ಲ.

ಈಗ ಯೂರೋಪಿನ ಕಡೆ ತಿರುಗೋಣ. ವೈಟ್‌ಹೆಡ್ಡನ ಎರಡನೆಯ ಮುದ್ರಣ ಬಂದ 1921ರಲ್ಲಿಯೇ ಆಕ್ಸ್‌ಫರ್ಡಿನಿಂದ ಇನ್ನೊಂದು ಪುಸ್ತಕ ಹೊರಟಿತು: ಮಾರ್ಗರೆಟ್ ಮರ್‍ರೆಯ ‘ದಿ ವಿಚ್ ಕಲ್ಟ್ ಇನ್ ವೆಸ್ಟರ್ನ್ ಯೂರೋಪ್’. ಈಕೆಯೂ ಕಲ್ಕತ್ತೆಯಲ್ಲಿ, 1863ರಲ್ಲಿ, ಹುಟ್ಟಿದವಳು. ಈಜಿಪ್ಟಿನ ಪ್ರಾಚೀನ ವಿದ್ಯೆಯಲ್ಲಿ ಪಂಡಿತೆ. ಹಿಂದೆ ಮಾಟಗಾತಿಯರೆಂದು ವಿಚಾರಣೆಗೆ ಗುರಿಯಾಗಿ ಪ್ರಾಣ ಕಳೆದುಕೊಂಡವರು ನಿಜವಾಗಿ ಹಳೆಯ ಫಲಶಕ್ತಿಯ ಮತವೊಂದನ್ನು ಗುಟ್ಟಾಗಿ ಉಳಿಸಿಕೊಂಡು ಬಂದವರು ಎಂದು ಆಕೆ ವಾದಿಸಿದಳು. ಈಕೆ ಎದುರಿಗೆ ನಿಂತು ಯಾವ ಪೂಜೆಯನ್ನೂ ನೋಡಲಿಲ್ಲ, ನೋಡುವಂತೆಯೂ ಇರಲಿಲ್ಲ. ಆಧಾರವೆಲ್ಲ ನ್ಯಾಯಾಲಯದ ಹಳೆಯ ಕಡತ. ಇತಿಹಾಸಕಾರರು ಆ ವಾದವನ್ನು ಇಂದು ತಳ್ಳಿಹಾಕಿದ್ದಾರೆ. ಆದರೂ ಅದರ ಫಲ ದೊಡ್ಡದು. ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತನಾದ ಜೆರಾಲ್ಡ್ ಗಾರ್ಡ್ನರ್, ಇಂಗ್ಲೆಂಡಿನಲ್ಲಿ ಮಾಟದ ಕಾನೂನು 1951ರಲ್ಲಿ ರದ್ದಾದ ಮೇಲೆ, ಆ ಮತ ಇನ್ನೂ ಬದುಕಿದೆ, ತಾನು ಅದರವನು ಎಂದು 1954ರಲ್ಲಿ ‘ವಿಚ್‌ಕ್ರಾಫ್ಟ್ ಟುಡೇ’ ಬರೆದ. ಅದಕ್ಕೆ ಪೀಠಿಕೆ ಮರ್‍ರೆಯದೇ. ವಿಕ್ಕ ಹರಡಿದ್ದು ಅಲ್ಲಿಂದ.

ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಬೇಸಾಯದ ಜನರ ದೇವರು ಹೆಣ್ಣು, ಅಲೆದು ಕಾದಾಡುವ ಜನರ ದೇವರು ಗಂಡು ಎಂಬ ಸಿದ್ಧಾಂತವನ್ನು ನಮ್ಮ ಬಿಷಪ್ಪನೂ ಹಿಡಿದಿದ್ದ. ದ್ರಾವಿಡರ ಅಮ್ಮಂದಿರನ್ನು ಆರ್ಯರ ದೇವರುಗಳಿಂದ ಬೇರ್ಪಡಿಸಿದ್ದು ಅದರಿಂದಲೇ. ಹೊಸ ಪೇಗನ್ನರ ಮಹಾಮಾತೆಯ ಕಲ್ಪನೆಯೂ ಇಂಥ ಯೋಚನೆಯಿಂದಲೇ ಬೆಳೆದದ್ದು. ಅವನು ಅಳಿಸಲು ಬಯಸಿದ, ಇವರು ಅಪ್ಪಿಕೊಳ್ಳಲು ಬಯಸಿದರು. ಸಿದ್ಧಾಂತ ಮಾತ್ರ ಒಂದೇ, ಮತ್ತು ಅಷ್ಟೇ ದುರ್ಬಲ.

ವಿಕ್ಕವನ್ನೇ ಓದಬೇಕೆಂಬವರು ರೊನಾಲ್ಡ್ ಹಟನ್ ಬರೆದ ‘ದಿ ಟ್ರಯಂಫ್ ಆಫ್ ದಿ ಮೂನ್’ (1999) ಹಿಡಿಯಲಿ. ಆ ಮತ ಪ್ರಾಚೀನವಲ್ಲ, ಇಪ್ಪತ್ತನೆಯ ಶತಮಾನದ್ದು ಎಂದು ತೋರಿಸಿಯೂ ಆತ ಅದನ್ನು ಹೀಯಾಳಿಸುವುದಿಲ್ಲ. ಈ ವಿದ್ವಾಂಸ ಹುಟ್ಟಿದ್ದು ನಮ್ಮ ಊಟಿಯಲ್ಲಿ! ಅಮೆರಿಕದ ಪೇಗನ್ನರ ಬದುಕಿಗೆ ಮಾರ್ಗೋ ಆಡ್ಲರ್ ಬರೆದ ‘ಡ್ರಾಯಿಂಗ್ ಡೌನ್ ದಿ ಮೂನ್’ (1979) ಸಾಕು. ಗಾರ್ಡ್ನರನನ್ನು ಇವೆರಡರ ಬಳಿಕ ಓದಿದರೆ ಕೆಡುಕಿಲ್ಲ.

ವೈಟ್‌ಹೆಡ್ಡನ ಉಳಿದ ಕಾರ್ಯಗಳಲ್ಲಿ ದೊಡ್ಡದು, ವಿ. ಎಸ್. ಅಜರಯ್ಯನವರನ್ನು 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆಗಿ ಮಾಡಿಸಿದ್ದು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯನೊಬ್ಬ ಬಿಷಪ್ ಆದದ್ದು ಅದೇ ಮೊದಲು. ಬಿಳಿಯರ ವಿರೋಧ ಕಡಿಮೆಯಿರಲಿಲ್ಲ. ಮನೆಯ ಬದುಕಿನಲ್ಲಿ ಈ ಸೇವೆಗೆ ಬೆಲೆ ತೆತ್ತವನು ಮಗ. 1904ರಲ್ಲಿ ಮದರಾಸಿನಲ್ಲಿ ಹುಟ್ಟಿದ ಆ ಮಗುವನ್ನು ಎಳವೆಯಲ್ಲಿಯೇ ಆಕ್ಸ್‌ಫರ್ಡಿನ ಅಜ್ಜಿಯ ಬಳಿ ಬಿಟ್ಟರು. ತಂದೆತಾಯಿಗಳನ್ನು ಅದು ಕಂಡದ್ದೇ ಅಪರೂಪ. ಮುಂದೆ ಅವನು ಜೆ. ಎಚ್. ಸಿ. ವೈಟ್‌ಹೆಡ್ ಎಂದು ಗಣಿತಜ್ಞರಲ್ಲಿ ಗಣ್ಯನಾದ. ಊರೂರಿನ ಅಮ್ಮಂದಿರನ್ನು ವಿಚಾರಿಸಿಕೊಂಡು ತಿರುಗಿದ ತಂದೆ 1922ರಲ್ಲಿ ಪದವಿ ಬಿಟ್ಟು ಇಂಗ್ಲೆಂಡಿಗೆ ಹಿಂದಿರುಗುವ ಹೊತ್ತಿಗೆ ಮಗನಿಗೆ ಹದಿನೇಳು ದಾಟಿತ್ತು.

ಬಿಷಪ್ ತೀರಿಕೊಂಡದ್ದು 1947ರ ಏಪ್ರಿಲಿನಲ್ಲಿ. ಜುಲೈನಲ್ಲಿ ದಂಡು ಮೈಸೂರಿಗೆ ಮರಳಿತು. ಸೆಪ್ಟೆಂಬರಿನಲ್ಲಿ ಅವನ ಸಭೆ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋಯಿತು. 1959ರಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ ಬಂದಿತು. ಅಮ್ಮಂದಿರು ಎಲ್ಲಿಗೂ ಹೋಗಲಿಲ್ಲ. ಶಿವಾಜಿನಗರದಲ್ಲಿ ಮುತ್ಯಾಲಮ್ಮನಿದ್ದಾಳೆ, ಹಲಸೂರಿನ ಪಲ್ಲಕ್ಕಿ ಉತ್ಸವದ ರಾತ್ರಿ ದೇವರುಗಳು ಹೂವಿನ ಪಲ್ಲಕ್ಕಿಗಳಲ್ಲಿ ಕುಳಿತು ಬೆಳಗಿನವರೆಗೆ ಬೀದಿ ಸುತ್ತುತ್ತಾರೆ. ವೈಟ್‌ಹೆಡ್ಡನನ್ನು ಓದಿ ಮುಗಿಸಿದವರ ಕೈಗೆ ನಾನು ಕೊಡುವುದು 2021ರಲ್ಲಿ ನಮ್ಮನ್ನಗಲಿದ ಕವಿ ಸಿದ್ಧಲಿಂಗಯ್ಯನವರ ‘ಅವತಾರಗಳು’ ಮತ್ತು ‘ಗ್ರಾಮದೇವತೆಗಳು’. ಬಿಷಪ್ ಗುಡಿಯ ಹೊರಗೆ ನಿಂತು ಬರೆದುಕೊಂಡ ಲೋಕವನ್ನು, ದಲಿತ ಕೇರಿಯಲ್ಲಿ ಬೆಳೆದ ಈ ಕವಿ ಒಳಗಿನಿಂದ, ನಗುನಗುತ್ತ, ಹೇಳಿದ್ದಾರೆ.