ಸಂತ ಜೋಸೆಫ್ ವಾಜ್: ಎರಡು ಪಕ್ಷಗಳ ನಡುವೆ ಒಬ್ಬ ಗುರು

ಈ ಶತಮಾನೋತ್ಸವದ ಸಿದ್ಧತಾ ಸಭೆಯಲ್ಲಿ, ಬಲಿಪೂಜೆಯ ಗೀತೆಗಳು ಕನ್ನಡದಲ್ಲಿರಬೇಕೆ, ಮರಾಠಿಯಲ್ಲಿರಬೇಕೆ, ಕೊಂಕಣಿಯಲ್ಲಿರಬೇಕೆ ಎಂಬ ಪ್ರಶ್ನೆ ಎದ್ದಾಗ ಧ್ವನಿಗಳು ಏರಿದ್ದನ್ನು ನಮ್ಮ ಕಣಗಲೆಯ ಭಕ್ತಜನರು ಮರೆತಿರಲಾರರು. ಗುರುಗಳಾದ ನಾವೂ ಅಂದು ಹಿರಿಯರೊಬ್ಬರಿಗೆ ಆಡಬಾರದ ಮಾತೊಂದನ್ನು ಆಡಿಬಿಟ್ಟೆವು. ಆ ರಾತ್ರಿ ನಮಗೆ ನೆನಪಾದವರು ಸಂತ ಜೋಸೆಫ್ ವಾಜರು.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದ ಇವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಇವರನ್ನು ಕೆನರಾ ಪ್ರಾಂತಕ್ಕೆ ತಮ್ಮ ಪ್ರತಿನಿಧಿಯಾಗಿ ಕಳುಹಿಸಿದರು. ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲವದು. ಅಲ್ಲಿಯ ಕ್ರೈಸ್ತರು ಎರಡಾಗಿ ಒಡೆದಿದ್ದರು. ಪೋರ್ಚುಗಲ್ಲಿನ ದೊರೆಯ ಪದ್ರೊವಾದೊ ಹಕ್ಕನ್ನು ಹಿಡಿದವರು ಒಂದು ಕಡೆ. ರೋಮಿನಿಂದ ನೇರವಾಗಿ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ಒಪ್ಪಿದವರು ಇನ್ನೊಂದು ಕಡೆ. ಒಬ್ಬರ ಗುರುವಿನ ಸಂಸ್ಕಾರಗಳು ಇನ್ನೊಬ್ಬರಿಗೆ ಅಸಿಂಧುವೆಂದು ಕಂಡವು. ದೆ ಕಾಸ್ತ್ರೊ ಅವರೂ ಗೋವೆಯವರೇ ಎಂಬುದನ್ನು ಇಲ್ಲಿ ಹೇಳಲೇಬೇಕು. ಮನೆಯೊಳಗಿನ ಜಗಳವೇ ಹೆಚ್ಚು ಕಹಿಯಲ್ಲವೇ!

ಮೂವತ್ತರ ಹರೆಯದ ವಾಜರನ್ನು ಕಳುಹಿಸಿದ್ದು ಒಂದು ಪಕ್ಷದವರಾಗಿ. ಆದರೆ ಅವರು ಎದುರು ಪಕ್ಷದ ಧರ್ಮಾಧ್ಯಕ್ಷರನ್ನು ತಾವೇ ಹೋಗಿ ಕಂಡರು. ಅವರ ಪದವಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದರು. ಅವರ ವಾದವನ್ನು ತಾಳ್ಮೆಯಿಂದ ಕೇಳಿದರು. ಜನರ ಆತ್ಮಗಳಿಗೆ ಹಾನಿಯಾಗದಂತೆ ನಡೆದುಕೊಳ್ಳೋಣವೆಂದು ಬೇಡಿಕೊಂಡರು. ತಮ್ಮನ್ನು ಕಳುಹಿಸಿದವರಿಗೂ ವಿಧೇಯರಾಗಿಯೇ ಉಳಿದರು. ಇದು ಎಷ್ಟು ಕಠಿಣವೆಂಬುದನ್ನು ಎರಡು ಕಡೆಯವರ ನಡುವೆ ಸಿಕ್ಕಿಕೊಂಡವರೇ ಬಲ್ಲರು. ವಿವಾದವನ್ನು ತೀರಿಸಲು ಅವರಿಂದಾಗಲಿಲ್ಲ; 1684ರಲ್ಲಿ ಅವರು ಗೋವೆಗೆ ಮರಳಿದಾಗಲೂ ಅದು ಪೂರ್ಣವಾಗಿ ಶಮನವಾಗಿರಲಿಲ್ಲ. ಆದರೂ ಮಂಗಳೂರು, ಬಸರೂರು, ಕಲ್ಯಾಣಪುರ, ಗಂಗೊಳ್ಳಿಗಳ ಜನ ಅವರನ್ನು ತಮ್ಮವರೆಂದೇ ಕಂಡರು. ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವೇ ಇದೆ.

1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋದರು. ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1692ರಲ್ಲಿ ಕ್ಯಾಂಡಿಗೆ ಬಂದಾಗ ಕಾಲ್ವಿನ್ ಪಂಥದ ಫ್ರೆಂಚನೊಬ್ಬನು ಇವರನ್ನು ಪೋರ್ಚುಗೀಸರ ಗೂಢಚಾರನೆಂದು ದೂರಿದನು, ಸೆರೆವಾಸವಾಯಿತು. ವಾಜರು ದೂರಿದವನ ಮೇಲೆ ದೂರು ಹೊರಿಸಲಿಲ್ಲ. ಸೆರೆಯಲ್ಲಿ ಸಿಂಹಳ ಭಾಷೆಯನ್ನು ಕಲಿತರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ, ಬಂಧುಗಳೇ ತೊರೆದು ಹೋದ ರೋಗಿಗಳನ್ನು ಮತಭೇದವೆಣಿಸದೆ ಶುಶ್ರೂಷೆ ಮಾಡಿದರು. ಬೌದ್ಧ ಅರಸನಾದ ಎರಡನೆಯ ವಿಮಲಧರ್ಮಸೂರ್ಯನೂ ಅವರನ್ನು ಆದರಿಸಿದನು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ದೇವರ ಪಾದ ಸೇರಿದರು. 1995ರಲ್ಲಿ ಪುನೀತರೆಂದೂ 2015ರ ಜನವರಿ 14ರಂದು ಸಂತರೆಂದೂ ಧರ್ಮಸಭೆ ಅವರನ್ನು ಕೊಲಂಬೊದಲ್ಲಿ ಘೋಷಿಸಿತು.

ಸಭೆಯ ಮರುದಿನ ಬೆಳಿಗ್ಗೆ ನಾವು ಆ ಹಿರಿಯರ ಮನೆಗೆ ಹೋದೆವು. ಕ್ಷಮೆ ಕೇಳುವ ಮುನ್ನವೇ ಅವರು ಒಳಗೆ ಕರೆದು ಚಹಾ ತರಿಸಿದರು. ಗೀತೆಗಳ ವಿಷಯದಲ್ಲಿ ಅವರ ಅಭಿಪ್ರಾಯವೂ ಬದಲಾಗಿಲ್ಲ, ನಮ್ಮದೂ ಬದಲಾಗಿಲ್ಲ. ಮುಂದಿನ ಸಭೆಯಲ್ಲಿ ಅವರೇ ಮೊದಲು ಮಾತಾಡಲಿದ್ದಾರೆ.