ಡಾ. ಆರಿ ಯಾನ್ ಹಾಗನ್ ಸ್ಮಿಟ್ (1900–1977): ವಾಹನದ ಹೊಗೆ ಮತ್ತು ಓಝೋನ್

ಗೋಕಾಕ, ಮೂಡಲಗಿ ಭಾಗದ ಪೆಟ್ರೋಲ್ ವಾಹನ ಮಾಲೀಕರು ತಮ್ಮ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರದಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಕಾರ್ಬನ್ ಪ್ರಮಾಣವೂ ನಮೂದಾಗಿರುವುದನ್ನು ಗಮನಿಸಿರಬಹುದು. ಕಣ್ಣಿಗೆ ಕಾಣದ ಈ ಅನಿಲಕ್ಕೂ ಓಝೋನ್ ಮಾಲಿನ್ಯಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟವರು ಡಾ. ಹಾಗನ್ ಸ್ಮಿಟ್‌ರವರು.

ಶ್ರೀಯುತರು 1900ರ ಡಿಸೆಂಬರ್ 22ರಂದು ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ನಗರದಲ್ಲಿ ಜನಿಸಿದರು. ಅಲ್ಲಿಯೇ ಡಾಕ್ಟರೇಟ್ ಪದವಿ ಪಡೆದು, 1937ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು ಸೇರಿದರು. ಅನಾನಸ್ ಹಣ್ಣಿನ ಪರಿಮಳಕ್ಕೆ ಕಾರಣವಾದ ವಸ್ತುಗಳ ಅಧ್ಯಯನದಲ್ಲಿ ಅವರು ನಿರತರಾಗಿದ್ದರು.

1943ರಿಂದ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿ ತರುವ ಮಬ್ಬು ಆವರಿಸತೊಡಗಿತು. ಸುತ್ತಲಿನ ಬೆಳೆಗಳ ಎಲೆಗಳು ಹಾಳಾದವು. ಕಾರ್ಖಾನೆಗಳ ಮೇಲೆ ಆರೋಪ ಬಂದಿತು. ಆದರೆ ಅವುಗಳ ಹೊಗೆಯನ್ನು ನಿಯಂತ್ರಿಸಿದರೂ ಮಬ್ಬು ಕರಗಲಿಲ್ಲ. ಹಣ್ಣಿನ ಪರಿಮಳವನ್ನು ಹಿಡಿಯುವ ವಿಧಾನದಿಂದಲೇ ಹಾಗನ್ ಸ್ಮಿಟ್‌ರವರು ನಗರದ ಗಾಳಿಯನ್ನು ತಂಪುಗೊಳಿಸಿ ಕೆಲವೇ ಹನಿಗಳಷ್ಟು ಕಂದು ದ್ರವವನ್ನು ಸಂಗ್ರಹಿಸಿ ಪರೀಕ್ಷಿಸಿದರು. ಪೆಟ್ರೋಲ್ ಆವಿಯನ್ನು ನೈಟ್ರೋಜನ್ ಡೈಆಕ್ಸೈಡ್‌ನೊಂದಿಗೆ ಬೆರೆಸಿ ಬೆಳಕಿಗೆ ಒಡ್ಡಿದಾಗ ಓಝೋನ್ ಉಂಟಾಯಿತು. ಎಲೆಗಳಿಗೂ ಅದೇ ಬಗೆಯ ಹಾನಿಯಾಯಿತು. ಅವರ ಅಳತೆಯ ಸಾಧನವೂ ಸರಳವೇ: ಬಾಗಿಸಿಟ್ಟ ರಬ್ಬರ್ ತುಂಡು. ಓಝೋನ್ ಹೆಚ್ಚಿದ್ದಷ್ಟೂ ಅದು ಬೇಗ ಬಿರುಕು ಬಿಡುತ್ತದೆ. ಬಿರುಕು ಕಾಣಿಸಿಕೊಳ್ಳಲು ತಗಲುವ ಸಮಯವೇ ಲೆಕ್ಕ.

1952ರಲ್ಲಿ ಪ್ರಕಟವಾದ ಈ ವಿವರಣೆಯನ್ನು ತೈಲ ಉದ್ಯಮದ ನೆರವಿನಲ್ಲಿ ಸಂಶೋಧನೆ ನಡೆಸುತ್ತಿದ್ದವರು ಸುಲಭವಾಗಿ ಒಪ್ಪಲಿಲ್ಲ. ವಾಹನವನ್ನು ದೂರುವುದೆಂದರೆ ಪ್ರತಿಯೊಬ್ಬ ಮಾಲೀಕನನ್ನೂ ದೂರಿದಂತೆ ಎಂಬುದೂ ಒಂದು ತೊಡಕಾಗಿದ್ದಿರಬೇಕು. ಮುಂದಿನ ಪ್ರಯೋಗಗಳು ಅವರ ನಿಲುವನ್ನೇ ದೃಢಪಡಿಸಿದವು. 1968ರಲ್ಲಿ ಅವರು ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿಯ ಪ್ರಥಮ ಅಧ್ಯಕ್ಷರಾದರು. 1977ರ ಮಾರ್ಚ್ 17ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ನಿಧನ ಹೊಂದಿದರು.

ಓಝೋನ್ ಸೈಲೆನ್ಸರ್‌ನಿಂದ ಹೊರಬರುವುದಿಲ್ಲ. ಬಿಸಿಲಿನಲ್ಲಿ, ಗಾಳಿಯಲ್ಲಿಯೇ ರೂಪುಗೊಳ್ಳುತ್ತದೆ. ಆದುದರಿಂದ ತಪಾಸಣಾ ಕೇಂದ್ರದ ಯಂತ್ರವು ಓಝೋನನ್ನು ಅಳೆಯದೆ, ಅದಕ್ಕೆ ಕಾರಣವಾಗುವ ಹೈಡ್ರೋಕಾರ್ಬನ್ನನ್ನು ಅಳೆಯುತ್ತದೆ. ಡೀಸೆಲ್ ವಾಹನಗಳಲ್ಲಿ ಹೊಗೆಯ ಸಾಂದ್ರತೆಯನ್ನು ಮಾತ್ರ ನೋಡಲಾಗುತ್ತದೆ. ಓಝೋನ್‌ಗೆ ಕಾರಣವಾಗುವ ನೈಟ್ರೋಜನ್ ಆಕ್ಸೈಡ್‌ಗಳು ಈ ತಪಾಸಣೆಯಲ್ಲಿ ದಾಖಲಾಗುವುದಿಲ್ಲ. ಗಾಳಿಯಲ್ಲಿನ ಓಝೋನ್‌ಗೆ ಭಾರತದಲ್ಲಿ 2009ರ ಮಾನದಂಡದಂತೆ 8 ಗಂಟೆಗಳ ಮಿತಿಯು ಘನ ಮೀಟರಿಗೆ 100 ಮೈಕ್ರೋಗ್ರಾಂ ಆಗಿರುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರನ್ವಯ, ಪ್ರಥಮ ನೋಂದಣಿಯಿಂದ 1 ವರ್ಷ ಕಳೆದ ಪ್ರತಿ ವಾಹನಕ್ಕೂ ಸದರಿ ಪ್ರಮಾಣಪತ್ರವನ್ನು ಹೊಂದಿರತಕ್ಕದ್ದು.