ನೇವಾ ತೀರದ ಅಲೆಕ್ಸಾಂಡರ್

ಲಾಡೋಗಾ ಸರೋವರದಿಂದ ಹೊರಟು ಫಿನ್ಲೆಂಡ್ ಕೊಲ್ಲಿಯನ್ನು ಸೇರುವ ನೇವಾ ನದಿಯ ಉದ್ದ ಕೇವಲ 74 ಕಿಲೋಮೀಟರು. ಆದರೆ ಹದಿಮೂರನೆಯ ಶತಮಾನದಲ್ಲಿ ರಷ್ಯದ ದೊಡ್ಡ ವ್ಯಾಪಾರನಗರವಾಗಿದ್ದ ನೊವ್‌ಗೊರೋಡಿಗೆ ಕಡಲಿನ ಹೆಬ್ಬಾಗಿಲೆಂದರೆ ಅದೇ. ಅಲ್ಲಿನ ತುಪ್ಪುಳುದೊಗಲೂ ಜೇನುಮೇಣವೂ ಈ ಜಲಮಾರ್ಗವಾಗಿಯೇ ಬಾಲ್ಟಿಕ್ ತೀರದ ಪೇಟೆಗಳಿಗೆ ಸಾಗುತ್ತಿದ್ದವು. ನೇವಾ ಯಾರ ವಶವೋ ನಗರದ ಬದುಕು ಅವರ ಕೈಯಲ್ಲಿ.

1240ರ ಬೇಸಗೆಯಲ್ಲಿ ಸ್ವೀಡನ್ನಿನ ಹಡಗುಗಳು ಈ ನದಿಯನ್ನು ಹೊಕ್ಕು, ಇಜೋರಾ ಹೊಳೆ ಅದನ್ನು ಕೂಡುವೆಡೆಯಲ್ಲಿ ಬೀಡುಬಿಟ್ಟವು. ಅವರೊಡನೆ ನಾರ್ವೆಯವರೂ ಫಿನ್ನರೂ ಇದ್ದರೆಂದು ನೊವ್‌ಗೊರೋಡಿನ ವೃತ್ತಾಂತಗ್ರಂಥ ಹೇಳುತ್ತದೆ. ನಗರದ ರಾಜಕುಮಾರ ಅಲೆಕ್ಸಾಂಡರ್ ಯಾರೊಸ್ಲಾವಿಚ್‌ನಿಗೆ ಆಗ ಇಪ್ಪತ್ತರ ಹರೆಯ. ರಾಜಕುಮಾರನೆಂದರೂ ಅವನದು ವಂಶಪಾರಂಪರ್ಯದ ಗದ್ದುಗೆಯಲ್ಲ. ಪುರಜನರ ಸಭೆ ಕರೆದರೆ ಇರಬೇಕು, ಬೇಡವೆಂದರೆ ಹೊರಡಬೇಕು. ತಂದೆಯ ವ್ಲಾದಿಮಿರ್ ನಗರವನ್ನು ಎರಡು ವರ್ಷಗಳ ಹಿಂದೆಯೇ ಮಂಗೋಲರು ಸುಟ್ಟಿದ್ದರು. ಅಲ್ಲಿಂದ ನೆರವು ಬರುವವರೆಗೆ ಕಾಯುವ ವ್ಯವಧಾನ ಇರಲಿಲ್ಲ. ಕೈಗೆ ಸಿಕ್ಕಷ್ಟು ದಂಡನ್ನು ಕೂಡಿಸಿಕೊಂಡು, ಲಾಡೋಗಾದ ಜನರನ್ನೂ ಸೇರಿಸಿಕೊಂಡು, ಜುಲೈ 15ರಂದು ಆ ಬೀಡಿನ ಮೇಲೆ ಅವನು ಎರಗಿದನು. ಅಳಿದುಳಿದ ಸ್ವೀಡರು ರಾತ್ರಿಯೇ ಹಡಗೇರಿ ಹೊರಟುಹೋದರು.

ನೊವ್‌ಗೊರೋಡಿನ ಪಕ್ಷದಲ್ಲಿ ಸತ್ತವರು ಇಪ್ಪತ್ತು ಮಂದಿ ಎಂದು ಅದೇ ವೃತ್ತಾಂತ ಲೆಕ್ಕ ಕೊಡುತ್ತದೆ. ಸ್ವೀಡನ್ನಿನ ಅಂದಿನ ಬರಹಗಳಲ್ಲಿ ಈ ಕದನದ ಸುದ್ದಿಯೇ ಇಲ್ಲ. ಶತ್ರುಪಕ್ಷದ ನಾಯಕ ಬಿರ್ಗರ್ ಯಾರ್ಲ್ ಎಂಬುದು ಅನಂತರದವರು ಸೇರಿಸಿದ ಮಾತು. ಬಿರ್ಗರನಿಗೆ ಆ ಪದವಿ ದೊರೆತದ್ದು 1248ರಲ್ಲಿ. ಕದನ ಸಣ್ಣದೇ ಇರಬೇಕು. ಗೆದ್ದವನಿಗೆ ನಗರ ಸಲ್ಲಿಸಿದ ಕೃತಜ್ಞತೆಯೂ ಅಲ್ಪಕಾಲದ್ದು. ಆ ಚಳಿಗಾಲದಲ್ಲೇ ಪುರಜನರೊಡನೆ ಜಗಳವಾಗಿ ಅವನು ಹೆಂಡತಿ, ತಾಯಿಯರೊಡನೆ ಪೆರೆಯಸ್ಲಾವ್ಲಿಗೆ ಹೊರಟುಹೋದನು. ಜರ್ಮನ್ ವೀರರು ಗಡಿಯನ್ನು ಕಿತ್ತು ತಿನ್ನತೊಡಗಿದಾಗ ಅದೇ ನಗರ ಅವನನ್ನು ಮತ್ತೆ ಕರೆಯಿತು. 1242ರ ಏಪ್ರಿಲ್ 5ರಂದು, ಹೆಪ್ಪುಗಟ್ಟಿದ ಪೀಪಸ್ ಸರೋವರದ ಬಳಿ, ಅವನು ಅವರನ್ನೂ ಸೋಲಿಸಿದನು.

ಪಡುವಣಕ್ಕೆ ಕತ್ತಿ ತೋರಿದ ಈತ ಮೂಡಣಕ್ಕೆ ತಲೆಬಾಗಿದನು. ಮಂಗೋಲರ ಆಸ್ಥಾನಕ್ಕೆ ಹೋಗಿದ್ದ ತಂದೆ 1246ರಲ್ಲಿ ಹಿಂದಿರುಗುವ ದಾರಿಯಲ್ಲಿ ತೀರಿಕೊಂಡನು. ಮರುವರ್ಷ ಅಲೆಕ್ಸಾಂಡರನೂ ತಮ್ಮ ಆಂದ್ರೇಯೂ ಬಾತು ಖಾನನನ್ನು ಕಂಡು, ಅಲ್ಲಿಂದ ಮುಂದೆ ದೂರದ ಮಂಗೋಲಿಯಕ್ಕೂ ಹೋಗಿಬಂದರು. 1252ರಲ್ಲಿ ಮಂಗೋಲರ ದಂಡು ಆಂದ್ರೇಯನ್ನು ಓಡಿಸಿತು. ವ್ಲಾದಿಮಿರಿನ ಮಹಾರಾಜಪದವಿ ಅಣ್ಣನಿಗೆ ಬಂದಿತು. ತಮ್ಮನ ಮೇಲೆ ಅಣ್ಣನೇ ದೂರಿತ್ತನೇ ಎಂಬುದನ್ನು ಕುರಿತು ಇತಿಹಾಸಕಾರರ ವಾದ ಇನ್ನೂ ಮುಗಿದಿಲ್ಲ.

ಅದಕ್ಕಿಂತ ಕಹಿಯಾದುದು 1257ರ ಕಥೆ. ಕಪ್ಪಕ್ಕಾಗಿ ತಲೆಯೆಣಿಕೆ ನಡೆಯಬೇಕೆಂದು ಮಂಗೋಲರು ಕೇಳಿದರು, ನೊವ್‌ಗೊರೋಡ್ ಒಲ್ಲೆನೆಂದಿತು. ಅಲ್ಲಿ ಆಳುತ್ತಿದ್ದ ಸ್ವಂತ ಮಗ ವಸೀಲಿಯೇ ತಂದೆಗೆ ಎದುರಾಗಿ ಪ್ಸ್ಕೋವಿಗೆ ಓಡಿಹೋದನು. ಅಲೆಕ್ಸಾಂಡರನು ಮಗನನ್ನು ಹಿಡಿಸಿ ದೂರ ಕಳುಹಿಸಿದನು. ಅವನಿಗೆ ದುರ್ಬೋಧೆ ಮಾಡಿದರೆಂದು ಕೆಲವರ ಮೂಗು ಕೊಯ್ಸಿದನು, ಕೆಲವರ ಕಣ್ಣು ಕೀಳಿಸಿದನು. 1259ರಲ್ಲಿ ಅವನ ಸಮ್ಮುಖದಲ್ಲಿಯೇ ಮಂಗೋಲರ ಲೆಕ್ಕಿಗರು ಬೀದಿಬೀದಿ ತಿರುಗಿ ಮನೆಗಳನ್ನೆಣಿಸಿದರು. ವ್ಲಾದಿಮಿರಿನಂತೆ ನೊವ್‌ಗೊರೋಡ್ ಉರಿಯಲಿಲ್ಲ. ಅವನನ್ನು ಹೊಗಳುವವರು ತೋರಿಸುವುದು ಇದನ್ನೇ. ಮಾತು ನಿಜ. ಆದರೆ ಆ ಕಣ್ಣು ಕಳೆದುಕೊಂಡವರಲ್ಲಿ ನೇವಾದ ದಂಡೆಯಲ್ಲಿ ಅವನ ಮಗ್ಗುಲಲ್ಲಿ ಕಾದಿದವರೂ ಇದ್ದಿರಬಹುದಲ್ಲವೇ ಎಂಬ ಯೋಚನೆ ಈ ಲೇಖಕನನ್ನು ಬಿಡುವುದಿಲ್ಲ.

1262ರಲ್ಲಿ ಹಲವು ಊರುಗಳು ಕಪ್ಪ ಎತ್ತುವವರ ಮೇಲೆ ದಂಗೆಯೆದ್ದವು. ಮಂಗೋಲರ ಕೋಪವನ್ನು ತಣಿಸಲು ಅಲೆಕ್ಸಾಂಡರನು ಮತ್ತೊಮ್ಮೆ ಅವರಲ್ಲಿಗೆ ಹೋದನು. ಹಿಂದಿರುಗುವಾಗ ಕಾಯಿಲೆ ಬಿದ್ದು, ವೋಲ್ಗಾ ತೀರದ ಗೊರೊದೇತ್ಸಿನಲ್ಲಿ ಸಂನ್ಯಾಸದೀಕ್ಷೆ ಪಡೆದು, 1263ರ ನವೆಂಬರ್ 14ರಂದು ಕಣ್ಣು ಮುಚ್ಚಿದನು. ತಂದೆ ಅಳಿದಂತೆಯೇ, ಅದೇ ಯಾತ್ರೆಯ ಮರುದಾರಿಯಲ್ಲಿ.

ನೇವಾದವನೆಂಬ ಅರ್ಥದ ನೇವ್‌ಸ್ಕಿ ಎಂಬ ಬಿರುದು ಅವನ ಕಾಲದ ಬರಹಗಳಲ್ಲಿ ಕಾಣದು. ಅದು ಬಹುಕಾಲದ ಮೇಲೆ ಹತ್ತಿದ ಹೆಸರು. 1547ರಲ್ಲಿ ರಷ್ಯದ ಚರ್ಚು ಅವನನ್ನು ಸಂತರ ಸಾಲಿಗೆ ಸೇರಿಸಿತು. ಐಸೆನ್‌ಸ್ಟೈನನ 1938ರ ಪ್ರಸಿದ್ಧ ಚಲನಚಿತ್ರ ಸರೋವರದ ವಿಜಯದೊಂದಿಗೆ ಮುಗಿಯುತ್ತದೆ. ಮುಂದಿನ ಇಪ್ಪತ್ತೊಂದು ವರ್ಷಗಳ ಗೊಡವೆಗೆ ಹೋಗುವುದಿಲ್ಲ. ವ್ಲಾದಿಮಿರಿನ ಮಠದಲ್ಲಿದ್ದ ಅವನ ಅವಶೇಷಗಳನ್ನು ಪೀಟರ್ ಮಹಾಶಯನು 1724ರಲ್ಲಿ ತನ್ನ ಹೊಸ ರಾಜಧಾನಿಗೆ ತರಿಸಿದನು. ಸ್ವೀಡನ್ನಿನೊಡನೆ ಇಪ್ಪತ್ತೊಂದು ವರ್ಷ ಹೋರಾಡಿ ಪೀಟರನು ಉಳಿಸಿಕೊಂಡ ಆ ನಗರವೂ ನಿಂತಿದ್ದುದು ನೇವಾದ ದಡದಲ್ಲಿಯೇ.